ಕೋಟಿ ಸಾಲಿನ ಟೆಕ್ಸ್ಟ್ ಫೈಲನ್ನು ಪೋಸ್ಟ್‌ಗ್ರೆಸ್‌ಗೆ ತುಂಬುವುದು ಹೇಗೆ

ನೂರು ಸಾಲಿನ ಫೈಲನ್ನು ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗೆ ಹೇಗೆ ತುಂಬಿದರೂ ನಡೆಯುತ್ತದೆ. ಸಾಲು ಕೋಟಿ ದಾಟಿತೆಂದರೆ ಹಾಗಲ್ಲ. ರಾತ್ರಿಯಿಡೀ ಓಡಿದ ಕೆಲಸ ಬೆಳಗ್ಗೆ ಒಂದು ಎರರ್ ತೋರಿಸಿ ನಿಂತಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಎರರ್ ಏನೂ ಇಲ್ಲದೆ ಮುಗಿದು ಒಳಗೆ ಸಾವಿರಾರು ಸಾಲು ಕಾಣೆಯಾಗಿರುವುದು. ಇವೆರಡನ್ನೂ ತಪ್ಪಿಸಲು ಒಂದು ಕ್ರಮವಿದೆ: ಫೈಲಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಮೊದಲು ಒಂದು ಕಚ್ಚಾ ಟೇಬಲ್‌ಗೆ ಇಳಿಸಿಕೊಳ್ಳಬೇಕು. ಸೋಸುವುದು, ತಿದ್ದುವುದು, ಟೆಕ್ಸ್ಟನ್ನು ಸಂಖ್ಯೆಯಾಗಿ ಬದಲಿಸುವುದು ಎಲ್ಲ ಆಮೇಲೆ, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲೇ.

ಉದಾಹರಣೆಗೆ ಜಗತ್ತಿನ ಸ್ಥಳಗಳ ಮಾಹಿತಿ ಕೊಡುವ ಜಿಯೋನೇಮ್ಸ್ ಎಂಬ ತಾಣದ ಊರುಕೇರಿಗಳ ಪಟ್ಟಿಯನ್ನು ತೆಗೆದುಕೊಂಡಿದ್ದೇವೆ. ಅದು ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮೂಲದ ಹೆಸರು ಹೇಳಿದರೆ ಬಳಸಲೂಬಹುದು. ‘ಆಲ್‌ಕಂಟ್ರೀಸ್’ ಎಂಬ ಫೈಲಿನಲ್ಲಿ 1.2 ಕೋಟಿಗೂ ಹೆಚ್ಚು ಸಾಲುಗಳಿವೆ, ಜಿಪ್ ಬಿಚ್ಚಿದರೆ ಒಂದೂವರೆ ಜಿಬಿ ದಾಟುತ್ತದೆ. ಮೊದಲ ಸಲ ಮಾಡುವವರು ಭಾರತದ್ದೊಂದೇ ಇರುವ ಚಿಕ್ಕ ಫೈಲಿನಲ್ಲಿ ಕೈ ಪಳಗಿಸಿಕೊಳ್ಳಿ. ಕಾಲಂಗಳು ಎರಡರಲ್ಲೂ ಒಂದೇ. ಕಮ್ಯಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ತುಂಬುವ ಮೊದಲು ಫೈಲನ್ನು ನೋಡಿ

ಎಕ್ಸೆಲ್‌ನಲ್ಲಿ ತೆರೆದು ನೋಡುವುದು ಬೇಡ. ಅದರ ಒಂದು ಶೀಟಿನಲ್ಲಿ 10,48,576 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಜೊತೆಗೆ ಸಂಖ್ಯೆಯ ಮೊದಲಲ್ಲಿರುವ ಸೊನ್ನೆಗಳನ್ನು ತಿನ್ನುತ್ತದೆ, ತಾರೀಖಿನ ಹಾಗೆ ಕಂಡದ್ದನ್ನೆಲ್ಲ ತಾರೀಖು ಮಾಡುತ್ತದೆ. ಅಪ್ಪಿತಪ್ಪಿ ಸೇವ್ ಒತ್ತಿದರೆ ಮೂಲ ಫೈಲೇ ಹಾಳು.

ಲಿನಕ್ಸ್ ಟರ್ಮಿನಲ್‌ನಲ್ಲಿ ಆಗಬೇಕಾದ ತಪಾಸಣೆ ನಾಲ್ಕು. ‘ಹೆಡ್’ ಕೊಟ್ಟು ಮೊದಲ ಕೆಲವು ಸಾಲು ನೋಡಿ: ತಲೆಸಾಲು ಇದೆಯೇ, ಕಾಲಂಗಳ ನಡುವೆ ಕಾಮಾ ಇದೆಯೇ ಟ್ಯಾಬ್ ಇದೆಯೇ. ಜಿಯೋನೇಮ್ಸ್‌ನಲ್ಲಿ ತಲೆಸಾಲು ಇಲ್ಲ, ನಡುವೆ ಇರುವುದು ಟ್ಯಾಬ್. ಆಮೇಲೆ ‘ಡಬ್ಲ್ಯೂಸಿ ಮೈನಸ್ ಎಲ್’ ಕೊಟ್ಟು ಸಾಲು ಎಣಿಸಿ, ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಅದೇ ನಿಮ್ಮ ಸಾಕ್ಷಿ. ಇದು ಎಣಿಸುವುದು ಸಾಲು ಮುರಿಯುವ ಚಿಹ್ನೆಯನ್ನು. ಕೊನೆಯ ಸಾಲಿನ ಅಂತ್ಯದಲ್ಲಿ ಆ ಚಿಹ್ನೆ ಇಲ್ಲದಿದ್ದರೆ ಲೆಕ್ಕ ಒಂದು ಕಡಿಮೆ ಬರುತ್ತದೆ.

ಮೂರನೆಯದು ಕಾಲಂ ಲೆಕ್ಕ. ‘ಆಕ್’ನಲ್ಲಿ ವಿಭಜಕ ಟ್ಯಾಬ್ ಎಂದು ಹೇಳಿ, ಪ್ರತಿ ಸಾಲಿನ ಎನ್‌ಎಫ್ ಅಂದರೆ ಕಾಲಂ ಸಂಖ್ಯೆ ಪ್ರಿಂಟ್ ಮಾಡಿಸಿ, ಅದನ್ನು ‘ಸಾರ್ಟ್’ ಮತ್ತು ‘ಯೂನಿಕ್ ಮೈನಸ್ ಸಿ’ಗೆ ಪೈಪ್ ಮಾಡಿ. ಉತ್ತರ ಒಂದೇ ಸಾಲಿನಲ್ಲಿ ಬರಬೇಕು: ಇಷ್ಟು ಸಾಲು, ತಲಾ 19 ಕಾಲಂ. 18 ಅಥವಾ 20 ಎಂದು ಮತ್ತೊಂದು ಸಾಲು ಕಂಡರೆ ಎಲ್ಲೋ ಹೆಸರಿನೊಳಗೇ ಟ್ಯಾಬ್ ಸೇರಿದೆ, ಇಲ್ಲವೇ ಫೈಲ್ ಅರ್ಧಕ್ಕೇ ಡೌನ್‌ಲೋಡ್ ಆಗಿದೆ. ನಾಲ್ಕನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿರುವ ಪದ್ಧತಿ. ‘ಐಕಾನ್ವ್’ಗೆ ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಬದಲಿಸು ಎಂದು ಹೇಳಿ, ಹೊರಬಂದದ್ದನ್ನು ಡೆವ್ ನಲ್‌ಗೆ ಎಸೆಯಿರಿ. ಸುಮ್ಮನೆ ಮುಗಿದರೆ ಸರಿ ಇದೆ. ಕೆಟ್ಟ ಬೈಟ್ ಇದ್ದರೆ ಅದು ಎಲ್ಲಿದೆ ಎಂದು ಹೇಳಿ ನಿಲ್ಲುತ್ತದೆ.

ಬೇರೆ ಕಡೆಯಿಂದ ಬಂದ ಫೈಲಾದರೆ ಕಣ್ಣಿಗೆ ಕಾಣದ ಮೂರು ವಸ್ತುಗಳನ್ನು ಹುಡುಕಬೇಕು. ಫೈಲಿನ ಆರಂಭದಲ್ಲೇ ಕೂತಿರುವ ಬಾಮ್ ಎಂಬ ಮೂರು ಬೈಟ್ ಮೊದಲ ಕಾಲಂನ ಮೊದಲ ಬೆಲೆಗೆ ಅಂಟಿಕೊಳ್ಳುತ್ತದೆ. ಆಗ ಡೇಟಾಬೇಸ್ ‘1277333 ಎಂಬುದು ಸರಿಯಾದ ಪೂರ್ಣಾಂಕವಲ್ಲ’ ಎನ್ನುತ್ತದೆ, ನಿಮ್ಮ ಕಣ್ಣಿಗೆ ಆ ಸಂಖ್ಯೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಎರಡನೆಯದು ವಿಂಡೋಸ್‌ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೆ ಬರುವ ಸಿಆರ್ ಚಿಹ್ನೆ. ಫೈಲಿನ ಉದ್ದಕ್ಕೂ ಒಂದೇ ಬಗೆಯಲ್ಲಿದ್ದರೆ ಪೋಸ್ಟ್‌ಗ್ರೆಸ್ ತಾನೇ ಸಂಭಾಳಿಸುತ್ತದೆ. ಎರಡು ಫೈಲ್ ಜೋಡಿಸಿ ಬೆರಕೆಯಾಗಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಮೂರನೆಯದು ಸೊನ್ನೆ ಬೈಟ್. ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಕಾಲಂ ಇದನ್ನು ಏನು ಮಾಡಿದರೂ ಒಪ್ಪುವುದಿಲ್ಲ. ಸಿಆರ್ ಮತ್ತು ಸೊನ್ನೆ ಬೈಟ್ ಎರಡನ್ನೂ ‘ಟಿಆರ್ ಮೈನಸ್ ಡಿ’ ಕೊಟ್ಟು ಅಳಿಸಬಹುದು.

ಕಚ್ಚಾ ಟೇಬಲ್

ಈಗ ಒಂದು ಟೇಬಲ್ ಮಾಡಿ. 19 ಕಾಲಂಗಳೂ ಟೆಕ್ಸ್ಟ್. ಜನಸಂಖ್ಯೆಯೂ ಟೆಕ್ಸ್ಟ್, ಅಕ್ಷಾಂಶವೂ ಟೆಕ್ಸ್ಟ್, ತಾರೀಖೂ ಟೆಕ್ಸ್ಟ್. ಸಾಲನ್ನು ಗುರುತಿಸುವ ಪ್ರೈಮರಿ ಕೀ ಬೇಡ, ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಬೇಡ, ಖಾಲಿ ಬಿಡಬಾರದೆನ್ನುವ ನಾಟ್ ನಲ್ ಬೇಡ. ಇದು ಮೋಸಂಬಿಯನ್ನು ಲಾರಿಯಿಂದ ಅಂಗಳಕ್ಕೆ ಇಳಿಸುವ ಹಂತ, ಆರಿಸುವುದು ಆಮೇಲೆ.

ಇದರ ಜೊತೆಗೆ 20ನೆಯ ಕಾಲಂ ಒಂದನ್ನು ಸೇರಿಸಿ: ‘ಸಾಲು_ಸಂಖ್ಯೆ’, ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ), ಐಡೆಂಟಿಟಿ. ತುಂಬುವಾಗ ಕಾಲಂ ಪಟ್ಟಿಯಲ್ಲಿ ಇದನ್ನು ಬಿಟ್ಟು ಉಳಿದ 19ನ್ನು ಮಾತ್ರ ಹೆಸರಿಸಿದರೆ ಇದು ತಾನಾಗಿ 1, 2, 3 ಎಂದು ತುಂಬಿಕೊಳ್ಳುತ್ತದೆ. ಹೀಗಾಗಿ ಟೇಬಲ್‌ನ ಯಾವ ಸಾಲು ಫೈಲಿನ ಎಷ್ಟನೆಯದು ಎಂಬುದು ಕೊನೆಯವರೆಗೂ ಗೊತ್ತಿರುತ್ತದೆ. ಒಂದು ಸಲ ಸೋತು ಮತ್ತೆ ತುಂಬುವಾಗ ಟೇಬಲ್ ಖಾಲಿ ಮಾಡುವ ‘ಟ್ರಂಕೇಟ್’ ಜೊತೆ ‘ರೀಸ್ಟಾರ್ಟ್ ಐಡೆಂಟಿಟಿ’ ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಎಣಿಕೆ ನಿಂತಲ್ಲಿಂದ ಮುಂದುವರಿದು ಹೊಂದಾಣಿಕೆ ತಪ್ಪುತ್ತದೆ.

ಹೌದು, ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಮತ್ತು ಕಾಲಂಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಮಿತಿ 63 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ 21 ಸಂಕೇತದೊಳಗೆ ಹೆಸರು ಮುಗಿಸಬೇಕು, ಅಷ್ಟೇ.

ಟೇಬಲ್ ಮಾಡುವಾಗ ‘ಅನ್‌ಲಾಗ್ಡ್’ ಎಂದು ಸೇರಿಸಿ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ದಿನಚರಿಗೆ ಬರೆಯುತ್ತದೆ. ಅನ್‌ಲಾಗ್ಡ್ ಟೇಬಲ್‌ಗೆ ಆ ಬರವಣಿಗೆ ಇಲ್ಲ, ಹಾಗಾಗಿ ಡಿಸ್ಕ್ ಕೆಲಸ ಬಹಳ ಉಳಿಯುತ್ತದೆ. ಬದಲಿಗೆ ಸರ್ವರ್ ಕ್ರ್ಯಾಶ್ ಆದರೆ ಟೇಬಲ್ ಖಾಲಿಯಾಗುತ್ತದೆ. ಮೂಲ ಫೈಲ್ ಕೈಯಲ್ಲಿರುವಾಗ ಕಚ್ಚಾ ಟೇಬಲ್‌ಗೆ ಇದು ನಷ್ಟವೇ ಅಲ್ಲ. ಅಸಲಿ ಟೇಬಲ್‌ಗೆ ಮಾತ್ರ ಹೀಗೆ ಮಾಡಬಾರದು.

ಡಿಸ್ಕ್‌ನಲ್ಲಿ ಫೈಲಿನ ಗಾತ್ರದ ನಾಲ್ಕು ಪಟ್ಟು ಜಾಗ ಖಾಲಿ ಇರಲಿ. ಟೇಬಲ್‌ನ ಪ್ರತಿ ಸಾಲಿಗೂ ತಲೆಭಾಗ, ಪಾಯಿಂಟರ್ ಸೇರಿ ಸುಮಾರು 28 ಬೈಟ್ ಮೇಲ್ಖರ್ಚು ಇದೆ. 1.2 ಕೋಟಿ ಸಾಲಿಗೆ ಅದೊಂದೇ ಸುಮಾರು 34 ಕೋಟಿ ಬೈಟ್. ಇದರ ಮೇಲೆ ಅಸಲಿ ಟೇಬಲ್, ಇಂಡೆಕ್ಸ್, ಇಂಡೆಕ್ಸ್ ಕಟ್ಟುವಾಗ ಬೇಕಾಗುವ ತಾತ್ಕಾಲಿಕ ಜಾಗ.

ತುಂಬುವ ಕಮ್ಯಾಂಡ್

ಸಾಲಿಗೊಂದು ಇನ್ಸರ್ಟ್ ಬರೆಯುವ ಸ್ಕ್ರಿಪ್ಟ್ ಏಕೆ ತೆವಳುತ್ತದೆ ಎಂದರೆ, ಪ್ರತಿ ಇನ್ಸರ್ಟೂ ಒಂದು ಪ್ರತ್ಯೇಕ ವಹಿವಾಟು. ಪ್ರತಿಯೊಂದರ ಕೊನೆಯಲ್ಲೂ ಡಿಸ್ಕ್ ‘ಬರೆದೆ’ ಎನ್ನುವವರೆಗೆ ಕಾಯಬೇಕು. ಕೋಟಿ ಸಲ ಕಾಯುವ ಬದಲು ಒಂದೇ ಸಲ ಕಾಯುವಂತೆ ಮಾಡುವುದು ‘ಕಾಪಿ’.

ಕಾಪಿಯಲ್ಲಿ ಎರಡು ಬಗೆ. ಬರೀ ‘ಕಾಪಿ’ ಎಂದರೆ ಸರ್ವರ್ ತನ್ನ ಡಿಸ್ಕ್‌ನಲ್ಲಿರುವ ಫೈಲನ್ನು ತಾನೇ ಓದುತ್ತದೆ. ಅದಕ್ಕೆ ವಿಶೇಷ ಅಧಿಕಾರ ಬೇಕು, ಜೊತೆಗೆ ಫೈಲ್ ಇರುವ ಫೋಲ್ಡರ್ ಸರ್ವರಿನ ಬಳಕೆದಾರನಿಗೆ ತೆರೆದಿರಬೇಕು. ನಿಮ್ಮ ಹೋಮ್ ಫೋಲ್ಡರ್‌ನಲ್ಲಿಟ್ಟು ‘ಪರ್ಮಿಷನ್ ಡಿನೈಡ್’ ಬಂದರೆ ಕಾರಣ ಇದೇ. ಬ್ಯಾಕ್‌ಸ್ಲ್ಯಾಶ್ ಹಾಕಿದ ಕಾಪಿಯಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಓಡುವ, ಪೋಸ್ಟ್‌ಗ್ರೆಸ್‌ಗೆ ಕಮ್ಯಾಂಡ್ ಕೊಡುವ ಪಿಎಸ್‌ಕ್ಯೂಎಲ್ ಎಂಬ ಪ್ರೋಗ್ರಾಂ ಫೈಲನ್ನು ಓದಿ ಸರ್ವರಿಗೆ ಹರಿಸುತ್ತದೆ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಡೇಟಾಬೇಸಾದರೆ ನಿಮಗೆ ಸಿಗುವುದು ಇದೇ. ಇಡೀ ಕಮ್ಯಾಂಡ್ ಒಂದೇ ಸಾಲಿನಲ್ಲಿರಬೇಕು, ನಡುವೆ ಎಂಟರ್ ಒತ್ತುವಂತಿಲ್ಲ. ಓದಿ ಹೇಳಿದರೆ ಹೀಗಿರುತ್ತದೆ:

\ಕಾಪಿ ಕಚ್ಚಾ_ಸ್ಥಳ (ಇಲ್ಲಿ 19 ಕಾಲಂ ಹೆಸರು) ಫ್ರಂ 'ಆಲ್‌ಕಂಟ್ರೀಸ್.ಟಿಎಕ್ಸ್‌ಟಿ' ವಿತ್ (ಫಾರ್ಮ್ಯಾಟ್ ಸಿಎಸ್‌ವಿ, ಡಿಲಿಮಿಟರ್ ಇ'\ಟಿ', ಕೋಟ್ ಇ'\ಬಿ', ಎನ್‌ಕೋಡಿಂಗ್ 'ಯುಟಿಎಫ್8')

ಈ ಸಾಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ‘ಕೋಟ್’ ಎಂಬ ಭಾಗ. ಹೊಸಬರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಿಎಸ್‌ವಿ ಎಂದರೆ ಕಾಲಂಗಳನ್ನು ಕಾಮಾದಂಥ ವಿಭಜಕದಿಂದ ಬೇರ್ಪಡಿಸಿ ಬರೆಯುವ ಬಗೆ. ಅದರ ನಿಯಮದ ಪ್ರಕಾರ ಜೋಡಿ ಉದ್ಧರಣ ಚಿಹ್ನೆ ಒಂದು ಸಲ ತೆರೆಯಿತೆಂದರೆ, ಮುಚ್ಚುವ ಚಿಹ್ನೆ ಸಿಗುವವರೆಗೆ ಬರುವ ಟ್ಯಾಬ್, ಸಾಲು ಮುರಿತ ಎಲ್ಲವೂ ಒಂದೇ ಕಾಲಂನ ಬೆಲೆ. ಜಿಯೋನೇಮ್ಸ್ ಈ ನಿಯಮ ಪಾಲಿಸುವುದಿಲ್ಲ. ಅಲ್ಲಿ ಉದ್ಧರಣ ಚಿಹ್ನೆ ಕೇವಲ ಹೆಸರಿನ ಒಂದು ಅಕ್ಷರ, ಒಂಟಿಯಾಗಿಯೂ ಇರಬಹುದು. ಅಂಥ ಒಂಟಿ ಚಿಹ್ನೆ ಎದುರಾದೊಡನೆ ಕಾಪಿ ಮುಂದಿನ ನೂರಾರು ಸಾಲುಗಳನ್ನು ಒಂದೇ ಹೆಸರೆಂದು ನುಂಗುತ್ತಾ ಹೋಗುತ್ತದೆ. ಮುಂದಿನ ಚಿಹ್ನೆ ಸಿಕ್ಕಲ್ಲಿ ಮುಚ್ಚುತ್ತದೆ. ಅಲ್ಲಿಂದ ಮುಂದೆ ಕಾಲಂ ಲೆಕ್ಕ ಅಕಸ್ಮಾತ್ 19ಕ್ಕೇ ಹೊಂದಿಬಿಟ್ಟರೆ ಎರರೇ ಬರುವುದಿಲ್ಲ, ಅಷ್ಟೂ ಊರುಗಳು ಒಂದು ಊರಿನ ಹೆಸರಿನೊಳಗೆ ಹೂತುಹೋಗಿರುತ್ತವೆ. ಹೊಂದದಿದ್ದರೆ ‘ಕೊನೆಯ ಕಾಲಂ ನಂತರ ಹೆಚ್ಚುವರಿ ಡೇಟಾ’ ಎಂದೋ, ‘ಉದ್ಧರಣ ಮುಚ್ಚಿಲ್ಲ’ ಎಂದೋ ಬರುತ್ತದೆ. ತಪ್ಪು ಶುರುವಾದ ಜಾಗ ಮಾತ್ರ ಆ ಎರರ್ ತೋರಿಸುವ ಸಾಲಿಗಿಂತ ಬಹಳ ಹಿಂದೆ ಇರುತ್ತದೆ.

ಅದಕ್ಕೇ ಉದ್ಧರಣದ ಕೆಲಸವನ್ನು ಫೈಲಿನಲ್ಲಿ ಎಂದೂ ಬಾರದ ಬ್ಯಾಕ್‌ಸ್ಪೇಸ್ ಸಂಕೇತಕ್ಕೆ ಕೊಟ್ಟದ್ದು. ಈಗ ಜೋಡಿ ಉದ್ಧರಣ ಸಾಮಾನ್ಯ ಅಕ್ಷರವಾಯಿತು. ಸಿಎಸ್‌ವಿ ಬದಲು ಟೆಕ್ಸ್ಟ್ ಫಾರ್ಮ್ಯಾಟ್ ಬಳಸಿದರೆ ಈ ತೊಂದರೆ ಇಲ್ಲ ನಿಜ. ಆದರೆ ಅಲ್ಲಿ ಬ್ಯಾಕ್‌ಸ್ಲ್ಯಾಶ್‌ಗೆ ವಿಶೇಷ ಅರ್ಥವಿದೆ, ಹೆಸರಿನಲ್ಲಿ ಅದಿದ್ದರೆ ಮಾಯವಾಗುತ್ತದೆ. ಖಾಲಿ ಜಾಗವೂ ನಲ್ ಆಗದೆ ಖಾಲಿ ಟೆಕ್ಸ್ಟ್ ಆಗಿಯೇ ಬರುತ್ತದೆ. ಬ್ಯಾಕ್‌ಸ್ಪೇಸ್ ಕೋಟ್ ಇರುವ ಸಿಎಸ್‌ವಿಯಲ್ಲಿ ಈ ಎರಡೂ ಕಾಟವಿಲ್ಲ. ಖಾಲಿ ಕಾಲಂ ತಾನಾಗಿ ನಲ್ ಆಗುತ್ತದೆ. ನಿಜವಾದ ಸಿಎಸ್‌ವಿ ನಿಯಮ ಪಾಲಿಸುವ ಫೈಲಾದರೆ ಮಾತ್ರ ಕೋಟ್ ಭಾಗವನ್ನು ಕೈಬಿಡಿ.

ಎನ್‌ಕೋಡಿಂಗ್ ಭಾಗವನ್ನು ವಿಂಡೋಸ್‌ನಲ್ಲಿ ಕೆಲಸ ಮಾಡುವವರು ಬಿಡಲೇಬಾರದು. ಅಲ್ಲಿ ಪಿಎಸ್‌ಕ್ಯೂಎಲ್ ಯುಟಿಎಫ್-8 ಅಲ್ಲದ ಬೇರೊಂದು ಎನ್‌ಕೋಡಿಂಗ್ ಹಿಡಿದು ಕೂತಿರುವುದುಂಟು.

ಜಿಪ್ ಬಿಚ್ಚಿಡಲು ಜಾಗವಿಲ್ಲದಿದ್ದರೆ ‘ಅನ್‌ಜಿಪ್ ಮೈನಸ್ ಪಿ’ಯ ಹೊರಹರಿವನ್ನು ನೇರವಾಗಿ ಪಿಎಸ್‌ಕ್ಯೂಎಲ್‌ಗೆ ಪೈಪ್ ಮಾಡಿ, ಫೈಲ್ ಹೆಸರಿನ ಜಾಗದಲ್ಲಿ ‘ಎಸ್‌ಟಿಡಿಇನ್’ ಎಂದು ಬರೆಯಬಹುದು. ಇದರಲ್ಲೊಂದು ಅಪಾಯವಿದೆ. ಜಿಪ್ ಮಧ್ಯದಲ್ಲಿ ಕೆಟ್ಟು ಅನ್‌ಜಿಪ್ ಸೋತರೆ ಪಿಎಸ್‌ಕ್ಯೂಎಲ್‌ಗೆ ಅದು ಫೈಲ್ ಮುಗಿದ ಹಾಗೆ ಕಾಣುತ್ತದೆ, ಬಂದಷ್ಟನ್ನು ಕಮಿಟ್ ಅಂದರೆ ಖಾಯಂ ಮಾಡಿ ಯಶಸ್ಸೆಂದು ಹೇಳಬಹುದು. ಬರೆದಿಟ್ಟ ಸಾಲು ಲೆಕ್ಕ ಬೇಕಾಗುವುದು ಇಂಥ ಕಡೆ. ರಿಮೋಟ್ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಮಾಡುತ್ತಿದ್ದರೆ ‘ಟಿಮಕ್ಸ್’ ಒಳಗೆ ಓಡಿಸಿ, ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಎಷ್ಟು ಮುಗಿದಿದೆ ಎಂದು ನೋಡಲು ಪೋಸ್ಟ್‌ಗ್ರೆಸ್ 14ರಿಂದ ‘ಪಿಜಿ_ಸ್ಟ್ಯಾಟ್_ಪ್ರೋಗ್ರೆಸ್_ಕಾಪಿ’ ಎಂಬ ವ್ಯೂ ಇದೆ. ಬೇರೊಂದು ಕಿಟಕಿಯಿಂದ ಅದನ್ನು ಸೆಲೆಕ್ಟ್ ಮಾಡಿ. ಬ್ಯಾಕ್‌ಸ್ಲ್ಯಾಶ್ ಕಾಪಿಯಲ್ಲಿ ಒಟ್ಟು ಗಾತ್ರ ಸರ್ವರಿಗೆ ತಿಳಿಯದ ಕಾರಣ ಆ ಕಾಲಂ ಸೊನ್ನೆ ತೋರಿಸುತ್ತದೆ, ಎಷ್ಟು ಬೈಟ್, ಎಷ್ಟು ಸಾಲು ಬಂದಿದೆ ಎಂಬುದು ಮಾತ್ರ ಕಾಣುತ್ತದೆ.

ಒಂದು ಸಾಲು ಕೆಟ್ಟರೂ ಇಡೀ ಕಾಪಿ ಹಿಂದಕ್ಕೆ ಹೋಗುತ್ತದೆ. ಎರರ್‌ನಲ್ಲಿ ಸಾಲಿನ ಸಂಖ್ಯೆ ಇರುತ್ತದೆ. 48213 ಎಂದಿದ್ದರೆ ‘ಸೆಡ್ ಮೈನಸ್ ಎನ್’ಗೆ ಆ ಸಂಖ್ಯೆಯ ಕೊನೆಗೆ ‘ಪಿ’ ಸೇರಿಸಿ ಕೊಟ್ಟು ಆ ಸಾಲನ್ನೇ ತೆಗೆದು ನೋಡಿ. ಸೋತ ಕಾಪಿ ಡಿಸ್ಕ್‌ನಲ್ಲಿ ಹಿಡಿದ ಜಾಗ ತಕ್ಷಣ ಬಿಡುಗಡೆಯಾಗುವುದಿಲ್ಲ, ಟ್ರಂಕೇಟ್ ಮಾಡಿಯೇ ಮತ್ತೆ ಶುರು ಮಾಡಿ. ಪೋಸ್ಟ್‌ಗ್ರೆಸ್ 17ರಲ್ಲಿ ಕೆಟ್ಟ ಸಾಲು ಬಿಟ್ಟು ಮುಂದೆ ಹೋಗುವ ‘ಆನ್_ಎರರ್ ಇಗ್ನೋರ್’ ಬಂದಿದೆ. ಅದು ಬಿಡುವುದು ಟೈಪ್ ಬದಲಿಸಲಾಗದ ಸಾಲುಗಳನ್ನು ಮಾತ್ರ, ಕಾಲಂ ಸಂಖ್ಯೆ ತಪ್ಪಿದ್ದರೆ ಈಗಲೂ ನಿಲ್ಲುತ್ತದೆ. ಎಲ್ಲ ಟೆಕ್ಸ್ಟ್ ಇರುವ ಕಚ್ಚಾ ಟೇಬಲ್‌ಗೆ ಅದರ ಅಗತ್ಯವೇ ಬೀಳುವುದಿಲ್ಲ.

ಮುಗಿದ ಮೇಲೆ ‘ಕೌಂಟ್’ ಮಾಡಿ, ಬರೆದಿಟ್ಟ ಸಂಖ್ಯೆಯ ಜೊತೆ ಹೋಲಿಸಿ. ಒಂದೇ ಒಂದು ಸಾಲು ವ್ಯತ್ಯಾಸವಿದ್ದರೂ ಕಾರಣ ತಿಳಿಯದೆ ಮುಂದೆ ಹೋಗಬೇಡಿ.

ಅಸಲಿ ಟೇಬಲ್‌ಗೆ

ಅಸಲಿ ಟೇಬಲ್‌ನಲ್ಲಿ ಟೈಪ್‌ಗಳು ಬಿಗಿಯಾಗಿರಲಿ: ಸ್ಥಳದ ಐಡಿ ಇಂಟಿಜರ್, ಜನಸಂಖ್ಯೆ ಬಿಗ್‌ಇಂಟ್, ಅಕ್ಷಾಂಶ ರೇಖಾಂಶ ಡಬಲ್ ಪ್ರಿಸಿಷನ್, ಬದಲಾದ ದಿನ ಡೇಟ್. ರಾಜ್ಯದ ಕೋಡ್ ಮಾತ್ರ ಟೆಕ್ಸ್ಟ್ ಆಗಿಯೇ ಉಳಿಯಬೇಕು. ಜಿಯೋನೇಮ್ಸ್‌ನಲ್ಲಿ ಕರ್ನಾಟಕ ‘19’, ಆಂಧ್ರಪ್ರದೇಶ ‘02’. ಇಂಟಿಜರ್ ಮಾಡಿದರೆ ಆಂಧ್ರ ಬರೀ 2 ಆಗುತ್ತದೆ, ಆಮೇಲೆ ರಾಜ್ಯಗಳ ಹೆಸರಿರುವ ಟೇಬಲ್ ಜೊತೆ ಜಾಯಿನ್ ಮಾಡಿದಾಗ ಆಂಧ್ರದ ಒಂದು ಊರೂ ಸಿಗುವುದಿಲ್ಲ. ಕರ್ನಾಟಕದ ಮೇಲಷ್ಟೇ ಪರೀಕ್ಷಿಸಿದವರಿಗೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

‘ಇನ್ಸರ್ಟ್ ಇಂಟು... ಸೆಲೆಕ್ಟ್’ ಮೂಲಕ ಸಾಗಿಸುವಾಗ ಟೈಪ್ ತಪ್ಪಿದರೆ ಎರರ್ ಯಾವ ಸಾಲಿನದ್ದೆಂದು ಹೇಳುವುದಿಲ್ಲ. ಆದ್ದರಿಂದ ಮೊದಲೇ ಕೆಟ್ಟವನ್ನು ಹುಡುಕಿ. ಪೋಸ್ಟ್‌ಗ್ರೆಸ್ 16ರಿಂದ ‘ಪಿಜಿ_ಇನ್‌ಪುಟ್_ಈಸ್_ವ್ಯಾಲಿಡ್’ ಎಂಬ ಫಂಕ್ಷನ್ ಇದೆ. ಬೆಲೆ ಮತ್ತು ಟೈಪಿನ ಹೆಸರು ಕೊಟ್ಟರೆ ಹೊಂದುತ್ತದೆಯೋ ಇಲ್ಲವೋ ಹೇಳುತ್ತದೆ. ಹೊಂದದ ಸಾಲುಗಳನ್ನು ಸಾಲು_ಸಂಖ್ಯೆ ಸಮೇತ ಒಂದು ‘ತಿರಸ್ಕೃತ’ ಟೇಬಲ್‌ಗೆ ಹಾಕಿ, ಉಳಿದದ್ದನ್ನು ಸಾಗಿಸಿ. ಅಸಲಿ ಮತ್ತು ತಿರಸ್ಕೃತ ಎರಡನ್ನೂ ಕೂಡಿದರೆ ಕಚ್ಚಾ ಟೇಬಲ್‌ನ ಲೆಕ್ಕ ಬರಬೇಕು.

ಪ್ರೈಮರಿ ಕೀ, ಇಂಡೆಕ್ಸ್, ಫಾರಿನ್ ಕೀ ಎಲ್ಲ ತುಂಬಿದ ನಂತರ. ಇಂಡೆಕ್ಸ್ ಇದ್ದಾಗ ತುಂಬಿದರೆ ಪ್ರತಿ ಸಾಲಿಗೂ ಇಂಡೆಕ್ಸ್ ಮರದಲ್ಲಿ ಜಾಗ ಹುಡುಕಬೇಕು. ಕೊನೆಯಲ್ಲಿ ಕಟ್ಟಿದರೆ ಎಲ್ಲವನ್ನೂ ಒಮ್ಮೆ ವಿಂಗಡಿಸಿ ಸಾಲಾಗಿ ಬರೆದರಾಯಿತು. ಕಟ್ಟುವ ಮುನ್ನ ಆ ಸೆಷನ್‌ನಲ್ಲಿ ‘ಮೇಂಟೆನೆನ್ಸ್_ವರ್ಕ್_ಮೆಮ್’ ಅನ್ನು ಅದರ ಮೂಲ ಬೆಲೆ 64 ಎಂಬಿಯಿಂದ 1 ಜಿಬಿಗೆ ಏರಿಸಿ. ಲಾಗ್‌ನಲ್ಲಿ ಚೆಕ್‌ಪಾಯಿಂಟ್ ಪದೇಪದೇ ಆಗುತ್ತಿದೆ ಎಂಬ ದೂರು ಕಂಡರೆ ‘ಮ್ಯಾಕ್ಸ್_ವಾಲ್_ಸೈಜ್’ ಹೆಚ್ಚಿಸಿ, ಅದರ ಮೂಲ ಬೆಲೆ 1 ಜಿಬಿ. ವೇಗಕ್ಕಾಗಿ, ಬರೆದದ್ದು ಡಿಸ್ಕ್ ತಲುಪಿದೆಯೆಂದು ಖಚಿತಪಡಿಸುವ ‘ಎಫ್‌ಸಿಂಕ್’ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಡುವೆ ಕರೆಂಟ್ ಹೋದರೆ ಕೆಡುವುದು ಈ ಟೇಬಲ್ ಒಂದೇ ಅಲ್ಲ, ಆ ಸರ್ವರಿನಲ್ಲಿರುವ ಎಲ್ಲವೂ.

ಕೊನೆಗೆ ‘ಅನಲೈಸ್’ ಓಡಿಸಿ. ಅದಿಲ್ಲದೆ, ಡೇಟಾ ಹುಡುಕುವ ದಾರಿ ಆರಿಸುವ ಪ್ಲಾನರ್‌ಗೆ ಟೇಬಲ್ ಎಷ್ಟು ದೊಡ್ಡದೆಂದು ಸರಿಯಾಗಿ ತಿಳಿಯದೆ, ಕಟ್ಟಿದ ಇಂಡೆಕ್ಸ್ ಬಿಟ್ಟು ಬೇರೆ ದಾರಿ ಹಿಡಿಯಬಹುದು.

ಗುರುತಿರುವ ಒಂದು ಸಾಲನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. 1277333 ಬೆಂಗಳೂರಿನ ಐಡಿ; ಅಕ್ಷಾಂಶ 12.97, ರೇಖಾಂಶ 77.59ರ ಆಸುಪಾಸು ಬರಬೇಕು. ರಾಜ್ಯ ಕೋಡ್ 19 ಇರುವ ಸ್ಥಳಗಳ ಅಕ್ಷಾಂಶ ಸುಮಾರು 11.5ರಿಂದ 18.5ರೊಳಗೆ, ರೇಖಾಂಶ 74ರಿಂದ 78.5ರೊಳಗೆ ಇರಬೇಕು. 70ರ ಮೇಲಿನ ಅಕ್ಷಾಂಶ ಕಂಡರೆ ಎರಡು ಕಾಲಂ ಅದಲುಬದಲಾಗಿವೆ.

ಕನ್ನಡದ ಹೆಸರುಗಳಿದ್ದರೆ

ಬೇರೆ ಬೇರೆ ಭಾಷೆಯ ಹೆಸರುಗಳು ‘ಆಲ್ಟರ್ನೇಟ್ ನೇಮ್ಸ್’ ಎಂಬ ಪ್ರತ್ಯೇಕ ಫೈಲಿನಲ್ಲಿವೆ. ಅದರಲ್ಲಿ 10 ಕಾಲಂ, ಮೂರನೆಯದು ಭಾಷೆಯ ಕೋಡ್, ಕನ್ನಡಕ್ಕೆ ‘ಕೆಎನ್’. ಅದನ್ನೂ ಇದೇ ಕ್ರಮದಲ್ಲಿ ತುಂಬಿ.

ಕಾಲಂ ಉದ್ದದ ಲೆಕ್ಕ ಇಲ್ಲಿ ಬೇರೆ. ‘ಬೆಂಗಳೂರು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಕೊಂಬು, ಸೊನ್ನೆ, ದೀರ್ಘ ಎಲ್ಲ ಪ್ರತ್ಯೇಕವಾದ್ದರಿಂದ ಎಂಟು ಸಂಕೇತ, ಡಿಸ್ಕ್‌ನಲ್ಲಿ 24 ಬೈಟ್. ಉದ್ದಕ್ಕೆ ಮಿತಿ ಹಾಕುವ ಟೆಕ್ಸ್ಟ್ ಟೈಪಾದ ಪೋಸ್ಟ್‌ಗ್ರೆಸ್‌ನ ವಾರ್‌ಚಾರ್ ಎಣಿಸುವುದು ಸಂಕೇತಗಳನ್ನು. ಒರಾಕಲ್‌ನ ವಾರ್‌ಚಾರ್2 ಬೇರೆ ಹೇಳದಿದ್ದರೆ ಬೈಟ್‌ಗಳನ್ನು ಎಣಿಸುತ್ತದೆ, ಅಲ್ಲಿ 20 ಎಂದು ಬರೆದರೆ ಬೆಂಗಳೂರೇ ಹಿಡಿಯುವುದಿಲ್ಲ.

ಇನ್ನು ‘ಕೊಪ್ಪಳ’ವನ್ನು ನೋಡಿ. ಮೊದಲ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಮುಂದೆ ಊಕಾರದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರ, ಡೇಟಾಬೇಸ್‌ಗೆ ಎರಡು ಬೇರೆ ಊರು. ಪೋಸ್ಟ್‌ಗ್ರೆಸ್ 13ರಿಂದ ಇರುವ ‘ನಾರ್ಮಲೈಸ್’ ಫಂಕ್ಷನ್ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಕಚ್ಚಾದಿಂದ ಅಸಲಿಗೆ ಸಾಗಿಸುವಾಗ ಹೆಸರಿನ ಕಾಲಂ ಅದರ ಮೂಲಕವೇ ಹಾದುಹೋಗಲಿ. ಅರ್ಧಾಕ್ಷರದ ಮುಂದೆ ಒತ್ತು ಬೀಳದಂತೆ ತಡೆಯುವ ಕಾಣದ ಸಂಕೇತವನ್ನು ಮಾತ್ರ ನಾರ್ಮಲೈಸ್ ಮುಟ್ಟುವುದಿಲ್ಲ. ತೋರಿಸುವ ಹೆಸರಿನಲ್ಲಿ ಅದನ್ನು ಉಳಿಸಿ, ಹುಡುಕಲೆಂದು ಇನ್ನೊಂದು ಕಾಲಂ ಮಾಡಿ ಅಲ್ಲಿ ‘ರಿಪ್ಲೇಸ್’ ಮೂಲಕ ತೆಗೆದುಹಾಕಿ.

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಬಂದರೆ ಅದು ಕನ್ನಡದ ಡೇಟಾವೇ ಅಲ್ಲ, ಕನ್ನಡದಂತೆ ಕಾಣುವ ಲ್ಯಾಟಿನ್ ಬೈಟುಗಳು. ಐಕಾನ್ವ್ ಅದನ್ನು ತಿರಸ್ಕರಿಸಿದಾಗ ‘ಲ್ಯಾಟಿನ್-1ರಿಂದ ಯುಟಿಎಫ್-8ಕ್ಕೆ’ ಎಂದು ಬದಲಿಸಿಕೊಂಡು ತುಂಬುವವರಿದ್ದಾರೆ. ಎರರ್ ಹೋಗುತ್ತದೆ, ಕನ್ನಡ ಬರುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸುವ ಸಾಧನದಿಂದ ಪರಿವರ್ತಿಸಿಕೊಂಡು, ಆಮೇಲಷ್ಟೇ ತುಂಬಬೇಕು.

ಮೈಎಸ್‌ಕ್ಯೂಎಲ್ ಬಳಸುವವರಿಗೆ

ಕಾಪಿ ಜಾಗದಲ್ಲಿ ‘ಲೋಡ್ ಡೇಟಾ ಲೋಕಲ್ ಇನ್‌ಫೈಲ್’. ಆವೃತ್ತಿ 8ರಲ್ಲಿ ಲೋಕಲ್ ಮೊದಲೇ ಆಫ್ ಇರುತ್ತದೆ, ಸರ್ವರ್ ಮತ್ತು ಕ್ಲೈಂಟ್ ಎರಡೂ ಕಡೆ ಆನ್ ಮಾಡಬೇಕು. ಲೋಕಲ್ ಇದ್ದಾಗ ಟೈಪ್ ತಪ್ಪುಗಳು ಎರರ್ ಆಗದೆ ಬರೀ ವಾರ್ನಿಂಗ್ ಆಗುತ್ತವೆ, ಆದ್ದರಿಂದ ಮುಗಿದೊಡನೆ ‘ಶೋ ವಾರ್ನಿಂಗ್ಸ್’ ನೋಡಲೇಬೇಕು. ವಿಂಡೋಸ್ ಫೈಲಿನ ಸಿಆರ್ ಇಲ್ಲಿ ಕೊನೆಯ ಕಾಲಂಗೆ ಅಂಟಿಯೇ ಬರುತ್ತದೆ. ಕ್ಯಾರೆಕ್ಟರ್ ಸೆಟ್ ‘ಯುಟಿಎಫ್8ಎಂಬಿ4’ ಇರಲಿ.

ಮುಂದಿನ ಸಲ ಹೊಸ ಫೈಲ್ ಬಂದಾಗ

ಎರಡನೆಯ ಸಲ ಅಸಲಿ ಟೇಬಲ್ ಖಾಲಿ ಮಾಡಬೇಕಿಲ್ಲ. ಹೊಸದನ್ನೂ ಕಚ್ಚಾ ಟೇಬಲ್‌ಗೇ ಇಳಿಸಿ, ಅಲ್ಲಿಂದ ‘ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್’ ಸೇರಿಸಿ ಸಾಗಿಸಿ. ಬದಲಾದ ದಿನ ಹೊಸದಾಗಿದ್ದರೆ ಮಾತ್ರ ತಿದ್ದು ಎಂಬ ಷರತ್ತು ಹಾಕಿದರೆ ಬದಲಾಗದ ಲಕ್ಷಾಂತರ ಸಾಲುಗಳನ್ನು ಸುಮ್ಮನೆ ಮತ್ತೆ ಬರೆಯುವುದು ತಪ್ಪುತ್ತದೆ. ‘ಒಂದೇ ಸಾಲನ್ನು ಎರಡನೆಯ ಸಲ ಮುಟ್ಟಲಾಗದು’ ಎಂಬ ಎರರ್ ಬಂದರೆ ಕಚ್ಚಾ ಟೇಬಲ್‌ನಲ್ಲಿ ಒಂದೇ ಐಡಿ ಎರಡು ಸಲ ಇದೆ. ಸಾಮಾನ್ಯವಾಗಿ ಟ್ರಂಕೇಟ್ ಮಾಡದೆ ಮತ್ತೆ ತುಂಬಿದ್ದರ ಫಲ ಇದು. ಅಳಿಸಿಹೋದ ಸ್ಥಳಗಳು ಹೊಸ ಫೈಲಿನಲ್ಲಿ ಇರುವುದೇ ಇಲ್ಲವಾದ್ದರಿಂದ ಅಪ್‌ಡೇಟ್ ಅವನ್ನು ತೆಗೆಯುವುದಿಲ್ಲ. ಕಚ್ಚಾದಲ್ಲಿಲ್ಲದ ಐಡಿಗಳನ್ನು ‘ನಾಟ್ ಎಗ್ಸಿಸ್ಟ್ಸ್’ ಮೂಲಕ ಹುಡುಕಿ, ಡಿಲೀಟ್ ಮಾಡುವ ಮೊದಲು ಎಷ್ಟಿವೆ ಎಂದು ಎಣಿಸಿ. ಆ ಸಂಖ್ಯೆ ಲಕ್ಷಗಟ್ಟಲೆ ಬಂದರೆ ಅಳಿಸುವುದನ್ನು ನಿಲ್ಲಿಸಿ, ಹೊಸ ಫೈಲ್ ಪೂರ್ತಿ ಇಳಿದಿದೆಯೇ ಎಂದು ನೋಡಿ.